ಕಿಸೆಗೆ ಹೊರೆಯಾಗದ ಆರ್ಗನೈಸರ್: ವರ್ತಕನ ದಿನಚರಿಗೊಂದು ಶಿಸ್ತು

ದಾಂಡೇಲಿಯ ಬಂಗೂರನಗರವನ್ನು ಕಾಗದದ ಊರೆಂದು ಕರೆದರೆ ಅತಿಶಯೋಕ್ತಿಯಾಗಲಾರದು. 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾರ್ಖಾನೆ ಕಾಳಿ ನದಿಯ ದಂಡೆಯ ಮೇಲೆ ನೆಲೆ ನಿಂತ ಬಳಿಕ, ಅದರ ಸಿಬ್ಬಂದಿ ಹಾಗೂ ಕಾರ್ಮಿಕರಿಗಾಗಿ ಬೆಳೆದ ವಸತಿ ಪ್ರದೇಶಕ್ಕೆ ಬಂಗೂರ್ ಮನೆತನದ ಹೆಸರೇ ಬಂದಿತು. ಇಲ್ಲಿ ತಯಾರಾಗುವ ಬರೆಯುವ ಮತ್ತು ಮುದ್ರಣದ ಕಾಗದ ನಾಡಿನ ಉದ್ದಗಲಕ್ಕೂ ಹೋಗಿ, ಶಾಲೆಯ ನೋಟು ಪುಸ್ತಕವಾಗಿ, ಕಚೇರಿಯ ಕಡತವಾಗಿ, ಬ್ಯಾಂಕಿನ ದಾಖಲೆಯಾಗಿ ಬಳಕೆಯಾಗುತ್ತದೆ.

ಆದರೆ ದೀಪದ ಬುಡದಲ್ಲೇ ಕತ್ತಲೆ ಎಂಬಂತೆ, ಇದೇ ಪ್ರದೇಶದ ಎಷ್ಟೋ ಅಂಗಡಿಗಳ ಗಲ್ಲಾಪೆಟ್ಟಿಗೆಯನ್ನು ತೆರೆದು ನೋಡಿದರೆ ಕಾಣುವ ದೃಶ್ಯ ಬೇರೆಯದೇ ಆಗಿರುತ್ತದೆ. ಹಳೆಯ ಬಿಲ್ಲಿನ ಬೆನ್ನಿನ ಮೇಲೆ ಬರೆದ ದೂರವಾಣಿ ಸಂಖ್ಯೆ, ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಗೀಚಿದ ಉದರಿಯ ಮೊತ್ತ, ಸೂಜಿಗೆ ಚುಚ್ಚಿದ ರಸೀದಿಗಳ ಕಂತೆ, ಯಾರದೆಂದು ತಿಳಿಯದ ಒಂದು ಚೆಕ್ಕು. ಇವೆಲ್ಲವನ್ನೂ ಜೋಡಿಸುವ ಸೂತ್ರ ಅಂಗಡಿಯ ಮಾಲೀಕನ ನೆನಪು ಮಾತ್ರ. ವ್ಯವಹಾರ ಚಿಕ್ಕದಿರುವವರೆಗೆ ಆ ನೆನಪು ಸಾಲುತ್ತದೆ. ವ್ಯವಹಾರ ಬೆಳೆದಂತೆ, ಸರ್ಕಾರದ ನಿಯಮಗಳು ಹೆಚ್ಚಿದಂತೆ, ಮನೆಯ ಜವಾಬ್ದಾರಿಗಳು ಸೇರಿಕೊಂಡಂತೆ, ನೆನಪು ಕೈಕೊಡತೊಡಗುತ್ತದೆ.

ಈ ಅವ್ಯವಸ್ಥೆಗೆ ಪರಿಹಾರವಾಗಿ ಸಾವಿರಾರು ರೂಪಾಯಿಯ ಚರ್ಮದ ಡೈರಿಯನ್ನಾಗಲೀ ದುಬಾರಿ ಉಪಕರಣವನ್ನಾಗಲೀ ಕೊಳ್ಳಬೇಕಾಗಿಲ್ಲ. ಪೇಟೆಯ ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ದೊರೆಯುವ ಸಾಮಗ್ರಿಯಿಂದ, ಒಂದು ಭಾನುವಾರದ ಮಧ್ಯಾಹ್ನದಲ್ಲಿ, ಬಿಡಿಹಾಳೆಗಳ ಒಂದು ಆರ್ಗನೈಸರನ್ನು ಸಿದ್ಧಪಡಿಸಿಕೊಳ್ಳಬಹುದು. ಅದರ ರಚನೆ, ಬಳಕೆ ಹಾಗೂ ಮಿತಿಗಳ ಪರಿಚಯವೇ ಈ ಲೇಖನದ ಉದ್ದೇಶ.

ಮರೆವಿನ ಬೆಲೆ

ದಿನಾಂಕವೊಂದನ್ನು ಮರೆತರೆ ಏನಾದೀತು ಎಂಬ ಪ್ರಶ್ನೆಗೆ ಉತ್ತರವಾಗಿ ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹಳಿಯಾಳದ ಒಬ್ಬ ಸಣ್ಣ ತಯಾರಕರು ಪರ ಊರಿನ ಗಿರಾಕಿಗೆ ಮಾಲು ಕಳುಹಿಸಿ, ಹಣಕ್ಕೆ ಪ್ರತಿಯಾಗಿ ಚೆಕ್ಕು ಪಡೆದಿದ್ದಾರೆ. ಆ ಚೆಕ್ಕು ಹಣವಿಲ್ಲದೆ ಹಿಂತಿರುಗಿದ ಮಾಹಿತಿ ಜೂನ್ 10ರಂದು ಬ್ಯಾಂಕಿನಿಂದ ಅವರ ಕೈಸೇರುತ್ತದೆ. ವರ್ಗಾವಣೀಯ ಸಾಧನಗಳ ಕಾಯಿದೆಯ 138ನೆಯ ಕಲಮಿನ ಪ್ರಕಾರ, ಮಾಹಿತಿ ದೊರೆತ 30 ದಿನಗಳೊಳಗೆ, ಅಂದರೆ ಜುಲೈ 10ರೊಳಗೆ, ಚೆಕ್ಕು ಕೊಟ್ಟವರಿಗೆ ಲಿಖಿತ ನೋಟೀಸು ನೀಡಬೇಕು. ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಸಂದಾಯವಾಗದಿದ್ದರೆ, ಅನಂತರದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ದಾಖಲಿಸಬೇಕು. ದೂರು ಸಲ್ಲಿಸುವಲ್ಲಿ ಆದ ವಿಳಂಬವನ್ನು ಸಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದು. ನೋಟೀಸಿನ 30 ದಿನಗಳ ಅವಧಿಗೆ ಮಾತ್ರ ಅಂತಹ ರಿಯಾಯಿತಿ ಇಲ್ಲ.

ಈ ತಯಾರಕರು ಮಳೆಗಾಲದ ಗಡಿಬಿಡಿಯಲ್ಲಿ, ಮಗಳ ಕಾಲೇಜು ಪ್ರವೇಶದ ಓಡಾಟದಲ್ಲಿ, “ಗಿರಾಕಿ ಈ ವಾರ ಕೊಡುತ್ತೇನೆಂದಿದ್ದಾರೆ” ಎಂಬ ನಂಬಿಕೆಯಲ್ಲಿ ಜುಲೈ 10ನ್ನು ದಾಟಿಸಿಬಿಟ್ಟರೆ, ಆ ಮಾಹಿತಿಯ ಆಧಾರದ ಮೇಲೆ ಕ್ರಿಮಿನಲ್ ದೂರು ಸಲ್ಲಿಸುವ ಹಕ್ಕು ಅವರ ಕೈತಪ್ಪುತ್ತದೆ. ಚೆಕ್ಕಿನ ಮೂರು ತಿಂಗಳ ಚಲಾವಣೆಯ ಅವಧಿ ಇನ್ನೂ ಉಳಿದಿದ್ದರೆ ಅದನ್ನು ಮತ್ತೆ ಬ್ಯಾಂಕಿಗೆ ಹಾಕಿ ನೋಡಬಹುದು. ಇಲ್ಲವಾದಲ್ಲಿ ಉಳಿಯುವುದು ಸಿವಿಲ್ ದಾವೆಯ ದೀರ್ಘ ದಾರಿ ಮಾತ್ರ. ಆ ದಾವೆಗೂ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆಯೆಂಬುದನ್ನು ಮರೆಯಲಾಗದು. ಇಲ್ಲಿ ತಯಾರಕರ ವ್ಯವಹಾರ ಜ್ಞಾನಕ್ಕಾಗಲೀ ಪ್ರಾಮಾಣಿಕತೆಗಾಗಲೀ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದುದು ಸರಿಯಾದ ದಿನ ಕಣ್ಣಿಗೆ ಬೀಳುವ ಒಂದು ಸಾಲಿನದು.

ಕನ್ನಡ ನಾಡಿನ ಹಳೆಯ ಕಡತ

ಬೇಕೆಂದಾಗ ಬರೆದು, ಬೇಡವೆಂದಾಗ ಅಳಿಸಿ, ಸದಾ ಜೊತೆಯಲ್ಲಿ ಇರಿಸಿಕೊಳ್ಳುವ ಪುಸ್ತಕದ ಕಲ್ಪನೆ ಕನ್ನಡಿಗರಿಗೆ ಹೊಸತೇನಲ್ಲ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಬಳಸುವ “ಕಡತ” ಎಂಬ ಪದ ಮೂಲದಲ್ಲಿ ಒಂದು ವಿಶಿಷ್ಟ ಬರವಣಿಗೆಯ ಸಾಧನದ ಹೆಸರು. ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬೆರೆಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಡಚಿ, ಮೇಲೊಂದು ಕೆಳಗೊಂದು ರಟ್ಟು ಅಥವಾ ಹಲಗೆ ಇರಿಸಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರು, ಮಠಗಳ ಲೆಕ್ಕಿಗರು ಹಾಗೂ ವರ್ತಕರು ಅದನ್ನು ಬಳಸುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂತಹ ಹಳೆಯ ಕಡತಗಳು ಇಂದಿಗೂ ಉಳಿದುಬಂದಿವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಕಡತದ ರಚನೆಯನ್ನು ವಿವರವಾಗಿ ದಾಖಲಿಸಿದ್ದಾನೆ.

ಕಡತದ ಹಿರಿಮೆ ಎರಡು ಗುಣಗಳಲ್ಲಿದೆ. ಮೊದಲನೆಯದು, ತೀರಿದ ಬಾಬ್ತನ್ನು ಅಳಿಸಿ ಅದೇ ಜಾಗದಲ್ಲಿ ಹೊಸತನ್ನು ಬರೆಯಬಹುದಾಗಿತ್ತು. ಎರಡನೆಯದು, ಬೇಕಾದ ಮಡಿಕೆಯನ್ನು ಒಮ್ಮೆಗೇ ತೆರೆಯಬಹುದಾಗಿತ್ತು. ಪಾಶ್ಚಾತ್ಯರ ಆರ್ಗನೈಸರ್ ಇದೇ ಗುಣಗಳನ್ನು ಬೇರೊಂದು ವಿಧಾನದಿಂದ ಸಾಧಿಸಿತು. ಅಮೆರಿಕದ ಲೆಫ್ಯಾಕ್ಸ್ ಎಂಬ ಬಿಡಿಹಾಳೆ ಪುಸ್ತಕದ ಮಾದರಿಯನ್ನು ಅನುಸರಿಸಿ, 1921ರಲ್ಲಿ ಲಂಡನ್ನಿನಲ್ಲಿ ಆರಂಭವಾದ ನಾರ್ಮನ್ ಅಂಡ್ ಹಿಲ್ ಸಂಸ್ಥೆ “ಫೈಲೋಫ್ಯಾಕ್ಸ್” ಎಂಬ ಹೆಸರಿನ ಉಂಗುರ ಪುಸ್ತಕವನ್ನು ಪ್ರಚಾರಕ್ಕೆ ತಂದಿತು. 1980ರ ದಶಕದಲ್ಲಿ ಅದು ಪ್ರತಿಷ್ಠೆಯ ಸಂಕೇತವಾಯಿತು. ಚರ್ಮದ ಹೊದಿಕೆ, ವಿಶೇಷ ಅಳತೆಯ ಆರು ರಂಧ್ರದ ಹಾಳೆ, ಪ್ರತಿ ವರ್ಷ ಕೊಳ್ಳಬೇಕಾದ ಹೊಸ ಹಾಳೆಗಳ ಕಟ್ಟು, ಇವೇ ಅದರ ಬೆಲೆಯನ್ನು ಏರಿಸಿದವು. ಹೊದಿಕೆಯ ವೈಭವವನ್ನು ಬಿಟ್ಟು ಉಂಗುರದ ಉಪಾಯವನ್ನು ಮಾತ್ರ ಸ್ವೀಕರಿಸಿದರೆ ಸಾಮಾನ್ಯ ವರ್ತಕನಿಗೂ ಅದು ಎಟುಕುವಂತಹುದೇ ಆಗಿದೆ.

ರಚನೆ ಮತ್ತು ವೆಚ್ಚ

ಇದಕ್ಕೆ ಬೇಕಾಗುವ ಸಾಮಗ್ರಿ ನಾಲ್ಕೇ: ಎ-4 ಅಳತೆಯ ಕಾಗದ, ಎ-5 ಅಳತೆಯ ಎರಡು ಉಂಗುರದ ಫೈಲು, ಎರಡು ರಂಧ್ರ ಕೊರೆಯುವ ಸಾಮಾನ್ಯ ಪಂಚಿಂಗ್ ಯಂತ್ರ, ವಿಭಾಗಗಳ ನಡುವೆ ಇರಿಸಲು ಒಂದಿಷ್ಟು ದಪ್ಪ ಕಾಗದ.

ಎ-4 ಹಾಳೆಯ ಅಳತೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅದನ್ನು ಅಡ್ಡಲಾಗಿ ಸರಿಯಾಗಿ ಎರಡು ಭಾಗ ಮಾಡಿದರೆ 148 ಮತ್ತು 210 ಮಿ.ಮೀ. ಅಳತೆಯ ಎರಡು ಎ-5 ಹಾಳೆಗಳು ದೊರೆಯುತ್ತವೆ. ಒಂದು ಚೂರು ಕಾಗದವೂ ವ್ಯರ್ಥವಾಗುವುದಿಲ್ಲ. ಎರಡು ರಂಧ್ರದ ಪಂಚಿಂಗ್ ಯಂತ್ರಗಳಲ್ಲಿ ರಂಧ್ರಗಳ ನಡುವಿನ ಅಂತರ ಅಂತರರಾಷ್ಟ್ರೀಯ ಮಾನದಂಡದಂತೆ 80 ಮಿ.ಮೀ. ಇರುತ್ತದೆ. ರಂಧ್ರದ ಮಧ್ಯಬಿಂದು ಹಾಳೆಯ ಅಂಚಿನಿಂದ 12 ಮಿ.ಮೀ. ಒಳಗೆ ಬರುತ್ತದೆ. ಎ-5 ಹಾಳೆಯ ಉದ್ದನೆಯ ಬದಿಯಲ್ಲಿ ಮೇಲಿನಿಂದ ಮತ್ತು ಕೆಳಗಿನಿಂದ ತಲಾ 65 ಮಿ.ಮೀ. ಬಿಟ್ಟು ರಂಧ್ರ ಕೊರೆದರೆ ಅಳತೆ ಸರಿಹೊಂದುತ್ತದೆ. ರಂಧ್ರದ ಬದಿಯಲ್ಲಿ ಎರಡು ಸೆಂಟಿಮೀಟರಿನಷ್ಟು ಅಂಚು ಬಿಟ್ಟು ಬರೆಯುವುದು ಒಳಿತು. ಸಾಮಾನ್ಯ ಅಳತೆಯನ್ನು ಆರಿಸಿಕೊಳ್ಳುವುದರ ಲಾಭವೆಂದರೆ, ಹಾಳೆ ಮುಗಿದಾಗ ಯಾವ ಕಂಪನಿಯ ಕಟ್ಟಿಗೂ ಕಾಯಬೇಕಾಗಿಲ್ಲ. ಬ್ಯಾಂಕಿನ ಸ್ಲಿಪ್ಪು, ಸಾರಿಗೆ ರಸೀದಿ, ಕೋರಿಕೆ ಪತ್ರ ಯಾವುದನ್ನಾದರೂ ಅದೇ ಯಂತ್ರದಿಂದ ರಂಧ್ರ ಕೊರೆದು ಒಳಸೇರಿಸಬಹುದು.

ಹಾಳೆಗಳ ಲೆಕ್ಕ ಹೀಗಿದೆ. ವರ್ಷದ ನೋಟಕ್ಕೆ 1, ತಿಂಗಳಿಗೆ ಒಂದರಂತೆ 12, ವಾರಕ್ಕೆ ಒಂದರಂತೆ 52, ಬರಬೇಕಾದ ಉದರಿಗೆ 20, ಕೊಡಬೇಕಾದ ಬಾಕಿಗೆ 10, ನವೀಕರಣಗಳಿಗೆ 4, ವ್ಯಕ್ತಿಗಳ ವಿಳಾಸಕ್ಕೆ 10, ಖಾಲಿ ಹಾಳೆ 11. ಒಟ್ಟು 120 ಹಾಳೆ, ಅಂದರೆ 60 ಎ-4 ಹಾಳೆಗಳು. 500 ಹಾಳೆಯ ರೀಮಿಗೆ 300 ರೂಪಾಯಿ ಎಂದು ಹಿಡಿದರೆ ಹಾಳೆಯೊಂದಕ್ಕೆ 60 ಪೈಸೆ ಬೀಳುತ್ತದೆ. ವರ್ಷವಿಡೀ ಬೇಕಾಗುವ ಕಾಗದಕ್ಕೆ ತಗಲುವ ವೆಚ್ಚ 36 ರೂಪಾಯಿ. ಫೈಲು ಮತ್ತು ಪಂಚಿಂಗ್ ಯಂತ್ರ ಒಮ್ಮೆ ಕೊಂಡರೆ ಹಲವು ವರ್ಷ ಬಾಳುವ ವಸ್ತುಗಳು. ಅನೇಕ ಅಂಗಡಿಗಳಲ್ಲಿ ಯಂತ್ರ ಆಗಲೇ ಇರುತ್ತದೆ.

ತೂಕದ ವಿಷಯವನ್ನೂ ಗಮನಿಸಬೇಕು. ಚದರ ಮೀಟರಿಗೆ 80 ಗ್ರಾಂ ತೂಗುವ ಸಾಮಾನ್ಯ ಕಾಗದದ ಎ-4 ಹಾಳೆ 5 ಗ್ರಾಂ, ಎ-5 ಹಾಳೆ 2.5 ಗ್ರಾಂ ತೂಗುತ್ತದೆ. 120 ಹಾಳೆಗಳ ತೂಕ 300 ಗ್ರಾಂ. ವಾರದ ಹಾಳೆಗಳಲ್ಲಿ ಒಂದು ತ್ರೈಮಾಸಿಕಕ್ಕೆ ಬೇಕಾದ 13ನ್ನು ಮಾತ್ರ ಒಳಗಿರಿಸಿ ಉಳಿದವನ್ನು ಮನೆಯಲ್ಲಿಟ್ಟರೆ, ಒಟ್ಟು 81 ಹಾಳೆಗಳ ತೂಕ ಸುಮಾರು 200 ಗ್ರಾಂ ಮಾತ್ರ. ಹೊರೆಯೆನಿಸಿದ ಪುಸ್ತಕ ಕೆಲವೇ ದಿನಗಳಲ್ಲಿ ಮನೆಯ ಕಪಾಟು ಸೇರುತ್ತದೆಂಬುದು ಅನುಭವದ ಮಾತು. ಆದ್ದರಿಂದ ಹಗುರವಾಗಿರಿಸುವುದು ಅಗತ್ಯ.

ವರ್ಷ, ತಿಂಗಳು, ವಾರ

ಮೊದಲ ಹಾಳೆ ವರ್ಷದ ನೋಟ. ಇದನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ ವರ್ಷಕ್ಕೆ ಹೊಂದುವಂತೆ ಹನ್ನೆರಡು ಚೌಕಗಳಾಗಿ ವಿಂಗಡಿಸಬೇಕು. ಪ್ರತಿ ಚೌಕದಲ್ಲಿ ಆ ತಿಂಗಳ ವ್ಯಾಪಾರದ ಸ್ವರೂಪವನ್ನು ಎರಡು ಮಾತಿನಲ್ಲಿ ಬರೆದಿಡಬೇಕು. ಹಳಿಯಾಳದ ವರ್ತಕರಿಗೆ ಕಬ್ಬು ನುರಿಸುವ ಹಂಗಾಮು, ಮುಂಡಗೋಡದವರಿಗೆ ಭತ್ತ ಮತ್ತು ಗೋವಿನಜೋಳದ ಸುಗ್ಗಿ, ದಾಂಡೇಲಿ ಮತ್ತು ಜೋಯಿಡಾದವರಿಗೆ ಪ್ರವಾಸಿಗರ ಕಾಲ, ಎಲ್ಲರಿಗೂ ಜೂನ್ ತಿಂಗಳ ಶಾಲಾ ಆರಂಭ. ಕೈಯಲ್ಲಿ ಹಣ ಓಡಾಡುವ ತಿಂಗಳು ಯಾವುದು, ಬಿಗಿಯಾಗುವ ತಿಂಗಳು ಯಾವುದು ಎಂಬುದು ಒಂದೇ ನೋಟಕ್ಕೆ ಕಂಡಾಗ, ಸಾಲದ ಕಂತು, ಯಂತ್ರದ ಖರೀದಿ, ಮನೆಯ ಶುಭಕಾರ್ಯ ಎಲ್ಲವನ್ನೂ ಹೊಂದಿಸಿಕೊಳ್ಳಲು ಸಾಧ್ಯವಾಗುತ್ತದೆ.

ತಿಂಗಳ ಹಾಳೆಗಳಲ್ಲಿ ಬದಲಾಗದ ದಿನಾಂಕಗಳನ್ನು ವರ್ಷಾರಂಭದಲ್ಲಿಯೇ ಬರೆದಿಡಬೇಕು. ಸದ್ಯದ ನಿಯಮಗಳಂತೆ ಸಣ್ಣ ಉದ್ಯಮಿಗಳಿಗೆ ಸಂಬಂಧಿಸಿದ ಮುಖ್ಯ ದಿನಾಂಕಗಳು ಇವು: ಮೂಲದಲ್ಲಿ ಕಡಿತ ಮಾಡಿದ ಆದಾಯ ತೆರಿಗೆಯನ್ನು ಮರುತಿಂಗಳ 7ರೊಳಗೆ ಜಮಾ ಮಾಡುವುದು (ಮಾರ್ಚ್ ತಿಂಗಳ ಕಡಿತಕ್ಕೆ ಏಪ್ರಿಲ್ 30), ಮಾಸಿಕ ವಿವರ ಸಲ್ಲಿಸುವವರಿಗೆ ಮಾರಾಟದ ಜಿಎಸ್‌ಟಿಆರ್-1 ನಮೂನೆ 11ರೊಳಗೆ, ಭವಿಷ್ಯ ನಿಧಿ ಮತ್ತು ಇಎಸ್‌ಐ ವಂತಿಗೆ 15ರೊಳಗೆ, ತೆರಿಗೆ ಪಾವತಿಯ ಜಿಎಸ್‌ಟಿಆರ್-3ಬಿ ನಮೂನೆ ಹಾಗೂ ನೌಕರರ ವೃತ್ತಿ ತೆರಿಗೆ 20ರೊಳಗೆ. ಮುಂಗಡ ಆದಾಯ ತೆರಿಗೆಯ ಕಂತುಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳ 15ರಂದು ಬರುತ್ತವೆ. ತ್ರೈಮಾಸಿಕ ಯೋಜನೆಯಲ್ಲಿರುವವರ ದಿನಾಂಕಗಳು ಬೇರೆ. ಸರ್ಕಾರ ಆಗಾಗ ಗಡುವು ವಿಸ್ತರಿಸುವುದೂ ಉಂಟು. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಲೆಕ್ಕಪರಿಶೋಧಕರೊಡನೆ ಕುಳಿತು, ತಮಗೆ ಅನ್ವಯಿಸುವ ದಿನಾಂಕಗಳನ್ನು ಖಚಿತಪಡಿಸಿಕೊಂಡು ಬರೆಯುವುದು ಸೂಕ್ತ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೊನೆಯ ದಿನಾಂಕವನ್ನು ಮಾತ್ರ ಬರೆದರೆ ಪ್ರಯೋಜನವಾಗದು. 20ರಂದು ಕಟ್ಟಬೇಕಾದ ತೆರಿಗೆಗೆ ಬಿಲ್ಲುಗಳು 5ರೊಳಗೆ ಲೆಕ್ಕಿಗರ ಕೈಸೇರಿರಬೇಕು, ಹಣ 18ರೊಳಗೆ ಖಾತೆಯಲ್ಲಿರಬೇಕು. ಬರೆಯಬೇಕಾದದ್ದು ಈ ಸಿದ್ಧತೆಯ ದಿನಗಳನ್ನು. ಜಿಎಸ್‌ಟಿ ತಡವಾದರೆ ವಾರ್ಷಿಕ ಶೇ. 18ರಂತೆ ಬಡ್ಡಿ, ಅದರ ಮೇಲೆ ವಿಳಂಬ ಶುಲ್ಕ ತೆರಬೇಕಾಗುತ್ತದೆ. ಬ್ಯಾಂಕಿನ ಸಾಲದ ಬಡ್ಡಿಗಾಗಿ ಕಾಲು ಶೇಕಡಾಕ್ಕೂ ಚೌಕಾಸಿ ಮಾಡುವ ವರ್ತಕರು ಮರೆವಿನಿಂದ ಇಂತಹ ಬಡ್ಡಿ ತೆರುವುದು ಶೋಚನೀಯ.

ವಾರದ ಹಾಳೆಯ ಒಂದು ಮಗ್ಗುಲಲ್ಲಿ ಏಳು ದಿನಗಳು, ಇನ್ನೊಂದು ಮಗ್ಗುಲಲ್ಲಿ ಆ ವಾರ ಮಾಡಲೇಬೇಕಾದ ಕೆಲಸಗಳು ಇರಲಿ. ಕೆಲಸಗಳನ್ನು ಸ್ಥಳಕ್ಕೆ ಅನುಗುಣವಾಗಿ ಗುಂಪು ಮಾಡುವುದು ಇಲ್ಲಿನವರಿಗೆ ವಿಶೇಷವಾಗಿ ಉಪಯುಕ್ತ. “ಧಾರವಾಡ–ಹುಬ್ಬಳ್ಳಿ”, “ಕಾರವಾರ”, “ಬ್ಯಾಂಕು”, “ದೂರವಾಣಿ”, “ಮನೆ” ಎಂಬ ಐದು ಶೀರ್ಷಿಕೆ ಸಾಕು. ಹುಬ್ಬಳ್ಳಿಗೆ ಮಾಲು ತರಲು ಹೋದವರು, ಅಲ್ಲಿಯೇ ಮುಗಿಸಬಹುದಾಗಿದ್ದ ಯಂತ್ರದ ಬಿಡಿಭಾಗದ ವಿಚಾರಣೆ ಮರೆತು ಮರಳಿದರೆ ಒಂದು ದಿನದ ವ್ಯಾಪಾರ ಮತ್ತು ಇಂಧನ ಎರಡೂ ನಷ್ಟ. ಜಿಲ್ಲಾ ಕೇಂದ್ರವಾದ ಕಾರವಾರದ ಕಚೇರಿ ಕೆಲಸವಂತೂ ಘಟ್ಟ ಇಳಿದು ಹತ್ತಬೇಕಾದ ಪ್ರಯಾಣ. ಒಂದು ದಾಖಲೆ ಮರೆತರೆ ಇಡೀ ದಿನ ವ್ಯರ್ಥವಾಗುತ್ತದೆ.

ಉದರಿಯ ಹಾಳೆ

ಆರ್ಗನೈಸರಿನ ಹೃದಯಭಾಗವೆಂದರೆ ಉದರಿಯ ವಿಭಾಗ. ಇದು ಖಾತೆ ಪುಸ್ತಕದ ನಕಲಲ್ಲ. ಮೊತ್ತದ ವಿವರ ಖಾತೆಯಲ್ಲಿ ಇದ್ದೇ ಇರುತ್ತದೆ. ಇಲ್ಲಿ ಬೇಕಾಗಿರುವುದು ದಿನಾಂಕಗಳು. ಪ್ರತಿ ದೊಡ್ಡ ಗಿರಾಕಿಗೆ ಒಂದು ಹಾಳೆ ಮೀಸಲಿಟ್ಟು ಐದು ಕಾಲಮುಗಳನ್ನು ಎಳೆಯಬಹುದು: ಬಿಲ್ಲಿನ ದಿನಾಂಕ, ಒಪ್ಪಿದ ಗಡುವು, ಕೊನೆಯ ಬಾರಿ ಮಾತನಾಡಿದ ದಿನ, ಅವರು ಕೊಟ್ಟ ಮಾತು, ಬಾಕಿಯನ್ನು ಬರಹದಲ್ಲಿ ಒಪ್ಪಿಕೊಂಡ ದಿನಾಂಕ.

ಕೊನೆಯ ಕಾಲಮಿಗೆ ವಿಶೇಷ ಮಹತ್ವವಿದೆ. ಮಾರಿದ ಮಾಲಿನ ಹಣವನ್ನು ದಾವೆಯ ಮೂಲಕ ವಸೂಲು ಮಾಡಲು 1963ರ ಕಾಲಮಿತಿ ಕಾಯಿದೆ ಮೂರು ವರ್ಷಗಳ ಅವಕಾಶ ನೀಡುತ್ತದೆ. ಆ ಅವಧಿ ಮುಗಿಯುವ ಮೊದಲು ಬಾಕಿದಾರರು ಸಹಿ ಮಾಡಿದ ಬರಹದಲ್ಲಿ ಸಾಲವನ್ನು ಒಪ್ಪಿಕೊಂಡರೆ, ಒಪ್ಪಿಕೊಂಡ ದಿನದಿಂದ ಹೊಸದಾಗಿ ಅವಧಿ ಆರಂಭವಾಗುತ್ತದೆ. ಪ್ರತಿ ವರ್ಷ ಮಾರ್ಚ್ ಕೊನೆಗೆ ಬಾಕಿ ದೃಢೀಕರಣದ ಪತ್ರ ಕಳುಹಿಸಿ ಸಹಿ ಪಡೆಯುವ ಪದ್ಧತಿ ಇದ್ದರೆ, ಹಳೆಯ ಸ್ನೇಹ ಕೆಡಿಸದೆ ಹಕ್ಕನ್ನು ಕಾಪಾಡಿಕೊಳ್ಳಬಹುದು. ಮುಖದಾಕ್ಷಿಣ್ಯದಿಂದ ಕೇಳದೆ ಬಿಟ್ಟ ಬಾಕಿ ಮೂರು ವರ್ಷ ದಾಟಿದರೆ, ಬಳಿಕ ಕೇಳುವುದಕ್ಕೆ ದಾಕ್ಷಿಣ್ಯವಿಲ್ಲದಿದ್ದರೂ ಕಾನೂನಿನ ಬಲವಿರುವುದಿಲ್ಲ.

ಸಣ್ಣ ತಯಾರಕರಿಗೆ ಇನ್ನೊಂದು ಅನುಕೂಲವಿದೆ. ಉದ್ಯಮ್ ನೋಂದಣಿ ಪಡೆದ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಲು ಪಡೆದವರು ಒಪ್ಪಿದ ಗಡುವಿನೊಳಗೆ, ಅದೂ 45 ದಿನ ಮೀರದಂತೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆ ವಿಧಿಸುತ್ತದೆ. ಒಪ್ಪಂದವೇ ಇಲ್ಲದಿದ್ದರೆ ಗಡುವು 15 ದಿನ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. 2023-24ರ ಲೆಕ್ಕ ವರ್ಷದಿಂದ, ಹೀಗೆ ಗಡುವು ಮೀರಿ ಉಳಿಸಿಕೊಂಡ ಮೊತ್ತವನ್ನು ಕೊಳ್ಳುವವರು ತಮ್ಮ ಆದಾಯದ ಲೆಕ್ಕದಲ್ಲಿ ಖರ್ಚೆಂದು ತೋರಿಸಲು ಹಣ ನಿಜವಾಗಿ ಪಾವತಿಸುವವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ “ಕೊಡಬೇಕಾದ ಬಾಕಿ”ಯ ವಿಭಾಗದಲ್ಲಿಯೂ 45ನೆಯ ದಿನವನ್ನು ಗುರುತಿಸಿಕೊಳ್ಳುವುದು ಅಷ್ಟೇ ಅವಶ್ಯ. ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆಯ ಲಾಭ ಪಡೆದ ಬಿಲ್ಲಿನ ಹಣವನ್ನು 180 ದಿನಗಳೊಳಗೆ ಪಾವತಿಸಬೇಕೆಂಬ ನಿಯಮವನ್ನೂ ಇಲ್ಲಿಯೇ ಬರೆದಿಡಬಹುದು.

ಬಿಡಿಹಾಳೆಯ ಮಿತಿ

ಆರ್ಗನೈಸರ್ ಎಷ್ಟೇ ಉಪಯುಕ್ತವಾದರೂ ಅದು ಕಿರ್ದಿ–ಖಾತೆಗಳಿಗೆ ಬದಲಿಯಾಗಲಾರದು. ಕ್ರಮಬದ್ಧವಾಗಿ ಇಟ್ಟ ಲೆಕ್ಕದ ಪುಸ್ತಕಗಳ ನಮೂದುಗಳಿಗೆ ಸಾಕ್ಷ್ಯ ಕಾನೂನಿನಲ್ಲಿ ಮಾನ್ಯತೆಯಿದೆ. ಆದರೆ 1998ರಲ್ಲಿ ಸಿಬಿಐ ಮತ್ತು ವಿ.ಸಿ. ಶುಕ್ಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಬಿಡಿಹಾಳೆಗಳ ಕಟ್ಟನ್ನು “ಪುಸ್ತಕ”ವೆಂದು ಪರಿಗಣಿಸಲಾಗದೆಂದು ಸ್ಪಷ್ಟಪಡಿಸಿತು. ಲೆಕ್ಕದ ಪುಸ್ತಕದ ನಮೂದು ಕೂಡ ಒಂಟಿಯಾಗಿ ಯಾರ ಮೇಲೂ ಹೊಣೆ ಹೊರಿಸಲು ಸಾಲದೆಂಬುದು ಸಹ ಕಾನೂನಿನ ನಿಲುವು. ಬೇಕೆಂದಾಗ ತೆಗೆದು ಸೇರಿಸಬಹುದಾದ ಹಾಳೆಯ ಅನುಕೂಲವೇ ಸಾಕ್ಷ್ಯದ ದೃಷ್ಟಿಯಿಂದ ಅದರ ದೌರ್ಬಲ್ಯ. ಲಕ್ಷ್ಮೀಪೂಜೆಯಂದು ಪೂಜಿಸುವ ಹೊಲಿದ ಖಾತೆ ಪುಸ್ತಕ, ಅಥವಾ ಇಂದಿನ ಲೆಕ್ಕದ ತಂತ್ರಾಂಶ, ತನ್ನ ಸ್ಥಾನದಲ್ಲಿ ಇರಲೇಬೇಕು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ವಿವರದ ಗಡುವಿನಿಂದ 72 ತಿಂಗಳವರೆಗೆ ಕಾಪಾಡಬೇಕೆಂಬುದೂ ನೆನಪಿರಲಿ. ಮೂಲ ಬಿಲ್ಲು, ಚೆಕ್ಕು, ಒಪ್ಪಂದ ಪತ್ರಗಳನ್ನು ರಂಧ್ರ ಕೊರೆದು ಆರ್ಗನೈಸರಿನಲ್ಲಿ ಹೊತ್ತು ತಿರುಗಬಾರದು. ಅವು ಎಲ್ಲಿವೆ ಎಂಬ ಸೂಚನೆ ಮಾತ್ರ ಅಲ್ಲಿರಬೇಕು.

ಮೊಬೈಲಿನ ಯುಗದಲ್ಲಿ ಕಾಗದವೇಕೆ ಎಂಬ ಪ್ರಶ್ನೆ ಸಹಜ. ನಿಗದಿತ ಹೊತ್ತಿಗೆ ಗಂಟೆ ಬಾರಿಸಿ ಎಚ್ಚರಿಸುವ ಕೆಲಸದಲ್ಲಿ ಮೊಬೈಲಿಗೆ ಸಾಟಿಯಿಲ್ಲ. ಅದನ್ನು ಖಂಡಿತ ಬಳಸಬೇಕು. ಆದರೆ ಮೂರು ತಿಂಗಳ ಚಿತ್ರವನ್ನು ಒಟ್ಟಿಗೆ ಹರಡಿಕೊಂಡು ನೋಡುವುದಕ್ಕೆ, ಗಿರಾಕಿಯ ಎದುರಿನಲ್ಲಿ ಮಾತನ್ನು ಬರೆದುಕೊಳ್ಳುವುದಕ್ಕೆ, ಕಾಡಿನ ನಡುವೆ ಸಂಪರ್ಕ ಸಿಗದ ಜೋಯಿಡಾದ ಹಳ್ಳಿಗಳಲ್ಲಿ ಅಥವಾ ಮಳೆಗಾಲದಲ್ಲಿ ವಿದ್ಯುತ್ತು ಕೈಕೊಟ್ಟ ಹೊತ್ತಿನಲ್ಲಿ ಕೆಲಸ ನಡೆಸುವುದಕ್ಕೆ ಕಾಗದವೇ ಮೇಲು. ಗಿರಾಕಿ ಹೇಳಿದ ತಾರೀಖನ್ನು ಅವರ ಕಣ್ಣೆದುರೇ ಬರೆದುಕೊಂಡರೆ, ಕೊಟ್ಟ ಮಾತಿಗೆ ತೂಕ ಬರುತ್ತದೆಂಬುದನ್ನು ಅನುಭವಿ ವರ್ತಕರು ಬಲ್ಲರು.

ಮಲೆನಾಡಿನ ಮಳೆಗೆ ತಕ್ಕ ಎಚ್ಚರವೂ ಬೇಕು. ಜೆಲ್ ಪೆನ್ನಿನ ನೀರಿನಂಶದ ಶಾಯಿ ತೇವ ತಗುಲಿದರೆ ಹರಡುವ ಸಂಭವ ಹೆಚ್ಚು. ಸಾಮಾನ್ಯ ಬಾಲ್ ಪೆನ್ನಿನ ಎಣ್ಣೆಯಂಶದ ಶಾಯಿ ಅಥವಾ ಸೀಸದ ಕಡ್ಡಿಯ ಬರಹ ಉಳಿಯುತ್ತದೆ. ಬದಲಾಗುವ ಸಂಗತಿಗಳನ್ನು ಸೀಸದ ಕಡ್ಡಿಯಿಂದ, ಆದ ಸಂಗತಿಗಳನ್ನು ಬಾಲ್ ಪೆನ್ನಿನಿಂದ ಬರೆಯುವ ಕ್ರಮ ಹಳೆಯ ಕಡತದ ಗುಣವನ್ನು ಮರಳಿ ತರುತ್ತದೆ. ಹೊರಗೆ ಹೋಗುವಾಗ ಪ್ಲಾಸ್ಟಿಕ್ ಚೀಲವೊಂದು ಹೊದಿಕೆಯಾಗಿರಲಿ.

ಮನೆಯವರಿಗಾಗಿ ಒಂದು ಹಾಳೆ

ವ್ಯಾಪಾರದ ಶಿಸ್ತಿನ ಜೊತೆಗೆ ಬದುಕಿನ ಶಿಸ್ತೂ ಇದೇ ಫೈಲಿನಲ್ಲಿ ಅಡಕವಾಗಬೇಕು. ನವೀಕರಣದ ನಾಲ್ಕು ಹಾಳೆಗಳಲ್ಲಿ ವ್ಯಾಪಾರ ಪರವಾನಗಿ, ತಕ್ಕಡಿಯ ಮುದ್ರೆ, ಆಹಾರ ಪರವಾನಗಿ, ಅಂಗಡಿಯ ವಿಮೆಗಳ ಜೊತೆಗೆ, ವಾಹನದ ವಿಮೆ, ಜೀವವಿಮೆಯ ಕಂತು, ಆರೋಗ್ಯ ವಿಮೆ, ಮಕ್ಕಳ ಶುಲ್ಕ, ಹಿರಿಯರ ವೈದ್ಯಕೀಯ ತಪಾಸಣೆ ಇವುಗಳಿಗೂ ಸ್ಥಳವಿರಲಿ. ಅಂಗಡಿಯ ವಿಮೆ ಮಳೆಗಾಲಕ್ಕೆ ಮೊದಲು ಮುಗಿಯುತ್ತದೆಯೋ ಬಳಿಕವೋ ಎಂಬುದು, ಗೋದಾಮಿಗೆ ನೀರು ನುಗ್ಗಿದ ದಿನ ತಿಳಿಯಬೇಕಾದ ಸಂಗತಿಯಲ್ಲ.

ಇವೆಲ್ಲಕ್ಕಿಂತ ಮಿಗಿಲಾದದ್ದು ಮತ್ತೊಂದು ಹಾಳೆ. ಒಬ್ಬರ ನೆನಪಿನ ಮೇಲೆ ನಿಂತ ವ್ಯವಹಾರ, ಆ ಒಬ್ಬರು ಹಠಾತ್ತನೆ ಆಸ್ಪತ್ರೆ ಸೇರಿದಾಗ ಕುಸಿಯುತ್ತದೆ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಚೆಕ್ಕುಗಳು ಯಾವ ದಿನ ಬ್ಯಾಂಕಿಗೆ ಬರುತ್ತವೆ, ಎಲ್‌ಐಸಿಯ ಪಾಲಿಸಿ ಎಲ್ಲಿದೆ ಎಂಬುದು ಮನೆಯ ಯಜಮಾನತಿಗಾಗಲೀ ಮಕ್ಕಳಿಗಾಗಲೀ ತಿಳಿದಿರುವುದಿಲ್ಲ. ಕೊಡಬೇಕಾದವರು ತಡವಿಲ್ಲದೆ ಬಾಗಿಲಿಗೆ ಬರುತ್ತಾರೆ. ತೆಗೆದುಕೊಂಡವರೆಲ್ಲ ತಾವಾಗಿಯೇ ಬರುತ್ತಾರೆಂದು ನಂಬಲಾಗದು. ಆದ್ದರಿಂದ ಬ್ಯಾಂಕ್ ಖಾತೆಗಳು ಯಾವ ಶಾಖೆಯಲ್ಲಿವೆ, ನಾಮನಿರ್ದೇಶನ ಯಾರ ಹೆಸರಿನಲ್ಲಿದೆ, ವಿಮಾ ಪತ್ರ ಮತ್ತು ಆಸ್ತಿ ಪತ್ರಗಳು ಎಲ್ಲಿವೆ, ಮೊದಲು ಯಾರಿಗೆ ತಿಳಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಅದರ ಪ್ರತಿಯೊಂದನ್ನು ಮನೆಯಲ್ಲಿ ಇರಿಸಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಲು ಅವಕಾಶ ದೊರೆತಿದೆ. ಈ ಹಾಳೆ ಬರೆಯುವ ನೆಪದಲ್ಲಿಯಾದರೂ ಹಳೆಯ ಖಾತೆಗಳ ನಾಮನಿರ್ದೇಶನವನ್ನು ಪರಿಶೀಲಿಸಿಕೊಳ್ಳಬಹುದು. ಗುಪ್ತಸಂಖ್ಯೆ ಮತ್ತು ಪಾಸ್‌ವರ್ಡುಗಳನ್ನು ಮಾತ್ರ ಕೈಯಲ್ಲಿ ಹಿಡಿದು ಓಡಾಡುವ ಪುಸ್ತಕದಲ್ಲಿ ಬರೆಯಕೂಡದು.

ರೂಢಿಯೇ ಮೂಲ

ಪ್ರತಿ ವರ್ಷ ಜನವರಿಯಲ್ಲಿ ಉಡುಗೊರೆಯಾಗಿ ಬರುವ ಡೈರಿಗಳು ಫೆಬ್ರವರಿಯ ಹೊತ್ತಿಗೆ ಖಾಲಿ ಉಳಿಯುವುದು ಸರ್ವೇಸಾಮಾನ್ಯ. ತೊಡಕು ಇರುವುದು ಪುಸ್ತಕದಲ್ಲಲ್ಲ, ರೂಢಿಯಲ್ಲಿ. 2001ರಲ್ಲಿ ಪ್ರಕಟವಾದ “ಗೆಟಿಂಗ್ ಥಿಂಗ್ಸ್ ಡನ್” ಎಂಬ ಪ್ರಸಿದ್ಧ ಕೃತಿಯಲ್ಲಿ ಡೇವಿಡ್ ಅಲೆನ್ ಮುಖ್ಯವಾಗಿ ಪ್ರತಿಪಾದಿಸಿದ ಸಂಗತಿಗಳು ಸರಳವಾದವು: ತಲೆಯಲ್ಲಿರುವುದನ್ನೆಲ್ಲ ಕಾಗದಕ್ಕೆ ಇಳಿಸುವುದು, ಎರಡು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಬರೆಯದೆ ಆಗಲೇ ಮುಗಿಸುವುದು, ವಾರಕ್ಕೊಮ್ಮೆ ಎಲ್ಲವನ್ನೂ ಮರುಪರಿಶೀಲಿಸುವುದು.

ವರ್ತಕರಿಗೆ ಇದನ್ನು ಹೀಗೆ ಅಳವಡಿಸಬಹುದು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ದೀಪ ಹಚ್ಚಿದ ಕೂಡಲೇ ಐದು ನಿಮಿಷ ವಾರದ ಹಾಳೆಯನ್ನು ನೋಡುವುದು. ರಾತ್ರಿ ಗಲ್ಲಾಪೆಟ್ಟಿಗೆಯ ಹಣ ಎಣಿಸಿದ ಬಳಿಕ ಐದು ನಿಮಿಷ, ಆದದ್ದಕ್ಕೆ ಗೆರೆ ಎಳೆದು, ಆಗದ್ದನ್ನು ಮುಂದಿನ ದಿನಕ್ಕೆ ವರ್ಗಾಯಿಸುವುದು. ವಾರದ ರಜೆಯ ದಿನ ಅರ್ಧ ಗಂಟೆ, ಉದರಿಯ ಹಾಳೆಗಳನ್ನು ಒಂದೊಂದಾಗಿ ತಿರುವಿ ಮುಂದಿನ ವಾರದ ಹಾಳೆ ತುಂಬುವುದು. ಮೂರು ಬಾರಿ ಮುಂದಕ್ಕೆ ಹೋದ ಕೆಲಸವನ್ನು ಒಂದೋ ಮಾಡಿ ಮುಗಿಸಬೇಕು, ಇಲ್ಲವೇ ಬೇರೆಯವರಿಗೆ ವಹಿಸಬೇಕು, ಇಲ್ಲವೇ ಹೊಡೆದುಹಾಕಬೇಕು. ಆರಂಭದಲ್ಲಿಯೇ ಎಲ್ಲ ವಿಭಾಗಗಳನ್ನೂ ತುಂಬಲು ಹೋಗದೆ, ಮೊದಲ ತಿಂಗಳು ವಾರದ ಹಾಳೆ ಹಾಗೂ ಉದರಿಯ ಹಾಳೆಗಳನ್ನು ಮಾತ್ರ ನಡೆಸಿ, ಕೈಗೆ ರೂಢಿಯಾದ ಬಳಿಕ ಉಳಿದವನ್ನು ಸೇರಿಸುವುದು ಜಾಣತನ.

ಕಾಗದ ತಯಾರಿಸುವ ಊರಿನಲ್ಲಿ ಕಾಗದದ ಕೊರತೆಯಿಲ್ಲ. 36 ರೂಪಾಯಿಯ ಕಾಗದ, ದಿನಕ್ಕೆ ಹತ್ತು ನಿಮಿಷದ ಸಮಯ, ಇಷ್ಟೇ ಬಂಡವಾಳದಿಂದ ಒಂದು ಬಾಕಿ ಕಾಲಮಿತಿಯಿಂದ ಉಳಿದರೂ, ಒಂದು ನೋಟೀಸು ಸಕಾಲಕ್ಕೆ ಹೋದರೂ, ಹೂಡಿದ್ದು ಅನೇಕ ಪಟ್ಟಾಗಿ ಮರಳುತ್ತದೆ. ವರ್ತಕ ಬಾಂಧವರು ಹಾಗೂ ಸಣ್ಣ ಉದ್ಯಮಿಗಳು ಮುಂಬರುವ ಭಾನುವಾರವೇ ಮೊದಲ ಹಾಳೆಯನ್ನು ಕತ್ತರಿಸಿ, ಅದರಲ್ಲಿ ತಮಗೆ ಬರಬೇಕಾದ ಅತ್ಯಂತ ಹಳೆಯ ಬಾಕಿಯ ದಿನಾಂಕವನ್ನು ಬರೆಯುವುದರೊಂದಿಗೆ ಈ ಕಾರ್ಯಕ್ಕೆ ನಾಂದಿ ಹಾಡುವುದು ಶ್ರೇಯಸ್ಕರ.